ಫೈಲಿನ ಮೇಲೆ ಯಾರ ಹೆಸರು?

ಆಟಿ ತಿಂಗಳು. ಮಡಿಕೇರಿಯಲ್ಲಿ ಹತ್ತು ದಿನದಿಂದ ಬಿಸಿಲಿನ ಮುಖ ಕಂಡಿಲ್ಲ. ಕಾನೂನು ಪುಸ್ತಕಗಳಿಗೆ ಬೂಷ್ಟು ಹಿಡಿಯದಿರಲಿ ಅಂತ ಕಪಾಟಿನೊಳಗೆ ಒಂದು ಬಲ್ಬು ಉರಿಸಿಟ್ಟಿದ್ದೇವೆ, ಕರೆಂಟು ಇದ್ದಾಗ ಉರಿಯುತ್ತದೆ. ಮಹದೇವಪೇಟೆಯ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬೆಳಿಗ್ಗೆಯಿಂದ ಬಂದವರು ಇಬ್ಬರೇ. ಒಬ್ಬರು ಪೋಸ್ಟ್‌ಮ್ಯಾನ್. ಇನ್ನೊಬ್ಬರು ನಿನ್ನೆ ಕೊಡೆ ಮರೆತು ಹೋಗಿದ್ದ ಕಕ್ಷಿದಾರರು.

ಹಾಗಾಗಿ ಇದನ್ನು ಬರೆಯಲು ಸಮಯ ಸಿಕ್ಕಿದೆ.

ಕಳೆದ ವಾರ ಮೈಸೂರಿನಿಂದ ಲಾ ಕಾಲೇಜಿನ ಗೆಳತಿ ಫೋನ್ ಮಾಡಿದ್ದಳು. ನಾಲ್ಕು ಜನ ವಕೀಲರು ಸೇರಿ ಒಂದು ಫರ್ಮ್ ಮಾಡುತ್ತಿದ್ದಾರಂತೆ. "ನಿಮ್ಮಲ್ಲಿ ಬಂದ ಫೀಸಿನ ಪಾಲು ಹೇಗೆ ಹಂಚಿಕೊಳ್ತೀರಿ? ನಿಮ್ಮ ಪಾಲುದಾರಿಕೆ ಪತ್ರದ, ಅದೇ ಡೀಡಿನ, ಒಂದು ಪ್ರತಿ ಕಳಿಸು, ಹೆಸರು ಬದಲಾಯಿಸಿ ಹಾಕ್ಕೊಳ್ತೀವಿ" ಅಂದಳು. ಕಳಿಸುತ್ತೇನೆ ಅಂದೆ. ಆಮೇಲೆ ಯೋಚಿಸಿದೆ. ಬರೀ ಡೀಡು ಕಳಿಸಿದರೆ ನಾವು ಬಿದ್ದ ಗುಂಡಿಗೇ ಅವಳೂ ಬೀಳುತ್ತಾಳೆ. ಆ ಡೀಡಿನ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಜಗಳ ಇದೆ. ಜಗಳ ಗೊತ್ತಿಲ್ಲದೆ ಸಾಲು ಅರ್ಥ ಆಗುವುದಿಲ್ಲ.

ನಮ್ಮ ಸೀನಿಯರ್ 1991ರಲ್ಲಿ ಈ ಆಫೀಸು ಶುರು ಮಾಡಿದರು. ನಾನು ಜೂನಿಯರ್ ಆಗಿ ಸೇರಿದ್ದು 2003ರಲ್ಲಿ, ಪಾಲುದಾರಳಾಗಿದ್ದು 2011ರಲ್ಲಿ. ಆಗ ನಮ್ಮಲ್ಲಿ ಇದ್ದದ್ದು ಕವರಿನ ಪದ್ಧತಿ. ತಿಂಗಳ ಕೊನೆಯ ಶನಿವಾರ ಸಂಜೆ ಸೀನಿಯರ್ ತಮ್ಮ ಕೋಣೆಗೆ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಡ್ರಾಯರಿನಿಂದ ಒಂದು ಕಂದು ಕವರು ತೆಗೆದು ಕೊಡುತ್ತಿದ್ದರು. "ಎಣಿಸಿಕೊಳ್ಳಿ" ಅನ್ನುತ್ತಿದ್ದರು, ಆದರೆ ಅವರ ಎದುರು ಯಾರೂ ಎಣಿಸುತ್ತಿರಲಿಲ್ಲ. ಪಕ್ಕದವರ ಕವರಿನಲ್ಲಿ ಎಷ್ಟಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಇದನ್ನು ಈಗಿನ ಮ್ಯಾನೇಜ್‌ಮೆಂಟ್ ಭಾಷೆಯಲ್ಲಿ ಬೈಯುವುದು ಸುಲಭ. ಆದರೆ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಅದು ನಡೆಯಿತು, ಚೆನ್ನಾಗಿಯೇ ನಡೆಯಿತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮ್ಮ ಮಕ್ಕಂದೂರಿನ ಕಡೆಯವರ ಮನೆ, ತೋಟ, ದಾಖಲೆ ಎಲ್ಲ ಮಣ್ಣಿನಡಿ ಹೋಯಿತು. ಹೆಚ್ಚುಕಡಿಮೆ ಒಂದೂವರೆ ವರ್ಷ ನಾನು ಅದೇ ಕೆಲಸದಲ್ಲಿದ್ದೆ. ಪಹಣಿ ತೆಗೆಸುವುದು, ಕ್ರಯಪತ್ರದ ನಕಲು ತರಿಸುವುದು, ಗಡಿಯೇ ಇಲ್ಲದ ಜಾಗಕ್ಕೆ ಸರ್ವೆ ಅರ್ಜಿ ಹಾಕುವುದು, ಪರಿಹಾರದ ಪಟ್ಟಿಯಲ್ಲಿ ಬಿಟ್ಟುಹೋದ ಹೆಸರಿಗೆ ಓಡಾಡುವುದು. ಒಂದು ರೂಪಾಯಿ ಫೀಸು ತೆಗೆದುಕೊಳ್ಳಲಿಲ್ಲ. ಯಾರ ಹತ್ತಿರ ತೆಗೆದುಕೊಳ್ಳುವುದು? ಆದರೆ ನನ್ನ ಕವರು ಒಂದು ತಿಂಗಳೂ ತೆಳ್ಳಗಾಗಲಿಲ್ಲ. ಸೀನಿಯರ್ ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ.

2020ರಲ್ಲಿ ಅವರಿಗೆ ಹೃದಯದ ತೊಂದರೆ ಆಗಿ ಸ್ಟೆಂಟ್ ಹಾಕಿದರು. ಮೂರು ತಿಂಗಳು ಆಫೀಸಿಗೆ ಬರಲಿಲ್ಲ. ಮೊದಲ ತಿಂಗಳ ಕೊನೆಯ ಶನಿವಾರ ನಾವು ಮೂವರು ಪಾಲುದಾರರು ಅವರ ಟೇಬಲ್ಲಿನ ಸುತ್ತ ನಿಂತು ಲೆಕ್ಕದ ಪುಸ್ತಕ ತೆಗೆದೆವು. ನಾನು, ಕ್ರಿಮಿನಲ್ ಕೇಸು ನೋಡುವವರು, ವಿರಾಜಪೇಟೆ ಶಾಖೆ ನೋಡುವವರು. ಪುಸ್ತಕದಲ್ಲಿ ಬಂದ ಫೀಸು ಇತ್ತು, ಹೋದ ಖರ್ಚು ಇತ್ತು. ಯಾರಿಗೆ ಎಷ್ಟು, ಯಾಕೆ ಅಷ್ಟು ಅನ್ನುವುದು ಎಲ್ಲೂ ಇರಲಿಲ್ಲ. ಅದು ಅವರ ತಲೆಯಲ್ಲಿ ಇತ್ತು. ಡೀಡು ಹುಡುಕಿದೆವು. 1998ರದ್ದು ಸಿಕ್ಕಿತು. ಅದರಲ್ಲಿ ಇಬ್ಬರ ಹೆಸರು, 60:40. ನಾನಾಗಲಿ ವಿರಾಜಪೇಟೆಯವರಾಗಲಿ ಅದರಲ್ಲಿ ಇಲ್ಲವೇ ಇಲ್ಲ. ನಾವು ಒಳಗೆ ಬಂದಿದ್ದು ಒಂದೊಂದು ಕಾಗದದ ಮೇಲೆ, ಅದರಲ್ಲಿ "ಪಾಲುದಾರರನ್ನಾಗಿ ಸೇರಿಸಿಕೊಳ್ಳಲಾಗಿದೆ" ಅಂತ ಇತ್ತೇ ಹೊರತು ಎಷ್ಟು ಪಾಲು ಅಂತ ಇರಲಿಲ್ಲ.

ದಿನಾ ಬೆಳಗಾದರೆ ಅಣ್ಣತಮ್ಮಂದಿರಿಗೆ "ಬಾಯಿಮಾತು ನಂಬಬೇಡಿ, ಪಾಲುಪತ್ರ ಬರೆಸಿ, ರಿಜಿಸ್ಟರ್ ಮಾಡಿಸಿ" ಅಂತ ಬುದ್ಧಿ ಹೇಳುವ ವಕೀಲರು ನಾವು!

1932ರ ಪಾಲುದಾರಿಕೆ ಕಾಯ್ದೆ ಇದಕ್ಕೆ ಏನು ಹೇಳುತ್ತದೆ ಅನ್ನುವುದು ಮೂವರಿಗೂ ಬಾಯಿಪಾಠ. ಬೇರೆ ಒಪ್ಪಂದ ಇಲ್ಲದಿದ್ದರೆ 13ನೇ ಸೆಕ್ಷನ್ ಪ್ರಕಾರ ಲಾಭ ಎಲ್ಲರಿಗೂ ಸಮ, ನಷ್ಟವೂ ಸಮ. ಕೆಲಸ ಮಾಡಿದ್ದಕ್ಕೆ ಅಂತ ಪಾಲುದಾರರಿಗೆ ಬೇರೆ ಸಂಬಳವೂ ಇಲ್ಲ. ಕ್ರಿಮಿನಲ್ ನೋಡುವವರು ಇದನ್ನು ಗಟ್ಟಿಯಾಗಿ ಓದಿ ಪುಸ್ತಕ ಮುಚ್ಚಿದರು. ಅವರ ಮುಖ ನೋಡಬೇಕಿತ್ತು. ಆಫೀಸಿಗೆ ಬರುವ ಹಣದಲ್ಲಿ ಅರ್ಧದಷ್ಟು ಅವರ ಕೇಸುಗಳದ್ದು. ಚೆಕ್ ಬೌನ್ಸು, ಅಪಘಾತದ ಪರಿಹಾರ, ಜಾಮೀನು. ಊರೆಲ್ಲ ಅವರಿಗೆ ನೆಂಟರು. ನಡೆದುಕೊಂಡು ಬಂದ ರೀತಿಯಿಂದಲೂ ಒಪ್ಪಂದ ಇತ್ತು ಅಂತ ವಾದಿಸಬಹುದು, 11ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಕವರಿನೊಳಗೆ ಎಷ್ಟಿತ್ತು ಅಂತಲೇ ಪರಸ್ಪರ ಗೊತ್ತಿಲ್ಲದವರು ಯಾವ ನಡವಳಿಕೆ ತೋರಿಸುವುದು?

ಹೊಸ ನಿಯಮ ಬರೆಯುವ ಕೆಲಸ ನನ್ನ ತಲೆಗೆ ಬಂತು. ಯಾಕಂದರೆ ಕೈಬರಹ ನನ್ನದು ಚೆನ್ನಾಗಿದೆ ಅಂತ. ನಿಜವಾಗಿ ಅದೇ ಕಾರಣ ಹೇಳಿದರು.

ಹೊರಗಡೆ ದೊಡ್ಡ ಫರ್ಮುಗಳಲ್ಲಿ ಹೇಗೆ ಮಾಡುತ್ತಾರೆ ಅಂತ ಲಾಕ್‌ಡೌನಿನ ತಿಂಗಳುಗಳಲ್ಲಿ ತುಂಬಾ ಓದಿದೆ. ಒಂದು ತುದಿಯಲ್ಲಿ ಲಾಕ್‌ಸ್ಟೆಪ್. ನಮ್ಮ ಸರ್ಕಾರಿ ನೌಕರರ ಇನ್‌ಕ್ರಿಮೆಂಟ್ ತರಹ. ವರ್ಷ ಕಳೆದ ಹಾಗೆ ಪಾಲುದಾರರು ಒಂದೊಂದು ಮೆಟ್ಟಿಲು ಮೇಲೆ ಹೋಗುತ್ತಾರೆ, ಯಾರು ಎಷ್ಟು ದುಡಿದರು ಅಂತ ನೋಡುವುದಿಲ್ಲ. ಲಂಡನ್ನಿನ ಹಳೇ ಸಂಸ್ಥೆಗಳು ಹೀಗೆ ನಡೆದುಕೊಂಡು ಬಂದವು. ನ್ಯೂಯಾರ್ಕಿನಲ್ಲಿ ಇದಕ್ಕೆ ಹೆಸರಾಗಿದ್ದ ಕ್ರವಾತ್ ಅನ್ನುವ ಫರ್ಮ್ ಕೂಡ 2021ರಲ್ಲಿ ಇದನ್ನು ಸ್ವಲ್ಪ ಸಡಿಲ ಮಾಡಿತು. ಇನ್ನೊಂದು ತುದಿಯನ್ನು ಅಮೆರಿಕದವರು ಬೇಟೆಯ ಭಾಷೆಯಲ್ಲಿ ಹೇಳುತ್ತಾರೆ: ಹೊಡೆದವನೇ ತಿನ್ನುವುದು. ನೀನು ತಂದ ಫೀಸು ನಿನ್ನದು, ಬಾಡಿಗೆ ಕರೆಂಟಿಗೆ ಇಷ್ಟು ಕೊಡು, ಅಷ್ಟೇ. ನಡುವೆ ನೂರೆಂಟು ಬೆರಕೆಗಳು. ಗಂಟೆಯ ಲೆಕ್ಕವನ್ನು ವಕೀಲರ ಆಫೀಸಿಗೆ ತಂದವರು ಅಂತ ಬೋಸ್ಟನ್ನಿನ ಹೇಲ್ ಅಂಡ್ ಡೋರ್ ಸಂಸ್ಥೆಯ ರೆಜಿನಾಲ್ಡ್ ಹೀಬರ್ ಸ್ಮಿತ್ ಅವರ ಹೆಸರು ಹೇಳುತ್ತಾರೆ. 1919ರಿಂದ ಅವರು ಆ ಸಂಸ್ಥೆ ನಡೆಸಿದರು. ಗಂಟೆಯ ಲೆಕ್ಕ ನಮಗೆ ಆಗುವ ಮಾತಲ್ಲ. ಹನ್ನೊಂದು ಗಂಟೆಗೆ ಕೋರ್ಟಿಗೆ ಹೋಗಿ ಕೇಸು ಕೂಗುವುದನ್ನು ಕಾಯುತ್ತಾ ನಾಲ್ಕಕ್ಕೆ ಮುದ್ದತ್ತು ತೆಗೆದುಕೊಂಡು ಬರುವ ದಿನವನ್ನು ಎಷ್ಟು ಗಂಟೆ ಅಂತ ಬರೆಯುವುದು ಹೇಳಿ.

ಆ ಬೇಟೆಯ ಮಾತು ಓದಿದಾಗ ನನಗೆ ನಗು ಬಂತು. ನಮ್ಮ ಅಜ್ಜ ಕೋವಿ ಹಿಡಿದು ಕಾಡಿಗೆ ಹೋದವರು, 1972ರ ವನ್ಯಜೀವಿ ಕಾಯ್ದೆ ಬರುವ ಮುಂಚೆ. ಹಂದಿ ಬಿದ್ದರೆ ಹೇಗೆ ಪಾಲು ಮಾಡುತ್ತಿದ್ದರು ಅಂತ ಅವರು ಹೇಳುತ್ತಿದ್ದದ್ದು ನೆನಪಿದೆ. ಗುಂಡು ಹೊಡೆದವನಿಗೆ ಒಂದು ತೊಡೆ ಜಾಸ್ತಿ. ಉಳಿದದ್ದು ಹೋದವರಿಗೆಲ್ಲ ಸಮ. ಕಾಡು ಸೋಯುತ್ತಾ ಗದ್ದಲ ಎಬ್ಬಿಸಿದವನಿಗೂ ಅಷ್ಟೇ, ಕಾದು ಕೂತವನಿಗೂ ಅಷ್ಟೇ. ನಾಯಿ ಕೊಟ್ಟ ಮನೆಗೆ ನಾಯಿಯ ಪಾಲು ಅಂತ ಬೇರೆ. "ಹೊಡೆದವನೇ ಎಲ್ಲ ತಿಂದರೆ ಮುಂದಿನ ಸಲ ಅವನ ಜೊತೆ ಯಾರು ಹೋಗ್ತಾರೆ?" ಅನ್ನುತ್ತಿದ್ದರು ಅಜ್ಜ.

ಅಜ್ಜನ ಮಾತು ನೆನಪಿತ್ತು. ಆದರೂ 2021ರಲ್ಲಿ ನಾನು ಬರೆದ ನಿಯಮ ಬೇರೆಯೇ ಆಗಿತ್ತು. ಓದಿದ್ದು ಜಾಸ್ತಿಯಾದಾಗ ಹೀಗಾಗುತ್ತದೆ.

ನಿಯಮ ಇಷ್ಟೇ. ಪ್ರತಿ ಫೈಲಿನ ಮೇಲೆ ಎರಡು ಕಾಲಂ: ತಂದವರು, ಮಾಡಿದವರು. ಖರ್ಚು ಕಳೆದು ಉಳಿದ ಫೀಸಿನಲ್ಲಿ ತಂದವರಿಗೆ 40, ಮಾಡಿದವರಿಗೆ 40, ಆಫೀಸಿನ ಒಟ್ಟು ಗಂಟಿಗೆ 20. ಕಾಗದದ ಮೇಲೆ ಎಷ್ಟು ಚಂದ ಕಾಣುತ್ತಿತ್ತು! ಎಲ್ಲರೂ ಒಪ್ಪಿದರು. ಸೀನಿಯರ್ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು, "ಮಾಡಿ ನೋಡಿ" ಅಂದರು.

ಆರು ತಿಂಗಳಲ್ಲಿ ಏನಾಯಿತು ಅಂತ ತೋರಿಸಲು ನಾನು ಒಂದು ಫೈಲನ್ನು ಈಗಲೂ ಇಟ್ಟುಕೊಂಡಿದ್ದೇನೆ. ಕೇಸು ಮುಗಿದಿದೆ, ಬರೀ ಹೊದಿಕೆ ಅದು. "ತಂದವರು" ಅನ್ನುವಲ್ಲಿ ಮೊದಲು ನೀಲಿ ಇಂಕಿನಲ್ಲಿ ಕ್ರಿಮಿನಲ್ ನೋಡುವವರ ಇನಿಶಿಯಲ್. ಅದರ ಮೇಲೆ ಕಾಟು. ಪಕ್ಕದಲ್ಲಿ ಕಪ್ಪು ಇಂಕಿನಲ್ಲಿ ವಿರಾಜಪೇಟೆಯವರದ್ದು. ಅದಕ್ಕೂ ಅರ್ಧ ಕಾಟು. ಕೆಳಗೆ ಪೆನ್ಸಿಲ್ಲಿನಲ್ಲಿ ಗುಮಾಸ್ತರ ಉರುಟು ಅಕ್ಷರ: "ಇವರು ಫೋನು ಮಾಡಿದ್ದು ಆಫೀಸಿಗೆ." ನಡೆದದ್ದು ಇಷ್ಟು. ಕಕ್ಷಿದಾರರು ಲ್ಯಾಂಡ್‌ಲೈನಿಗೆ ಫೋನ್ ಮಾಡಿದ್ದರು. ಗುಮಾಸ್ತರು ಬರಲು ಹೇಳಿದ್ದರು. ಮೆಟ್ಟಿಲಿನಲ್ಲಿ ಒಬ್ಬ ಪಾಲುದಾರರು ಎದುರು ಸಿಕ್ಕಿ "ಏನ್ರೀ ಚೆನ್ನಾಗಿದ್ದೀರಾ" ಅಂದಿದ್ದರು. ಇನ್ನೊಬ್ಬರಿಗೆ ಕಕ್ಷಿದಾರರ ಅಳಿಯ ಶಾಲೆಯಲ್ಲಿ ಒಂದೇ ಬೆಂಚು. ಇದರಲ್ಲಿ ತಂದವರು ಯಾರು?

ಗುಮಾಸ್ತರು ಒಂದು ದಿನ ನನ್ನ ಟೇಬಲ್ಲಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಮೇಡಂ, ಹಾಗೆ ನೋಡಿದ್ರೆ ಈ ಆಫೀಸಿಗೆ ಅರ್ಧ ಕೇಸು ತಂದಿದ್ದು ನಾನು. ನಂಗೆ ನಲ್ವತ್ತು ಇಲ್ವಾ?" ತಮಾಷೆಗೆ ಕೇಳಿದ್ದು, ಆದರೆ ಪೂರ್ತಿ ತಮಾಷೆಯೂ ಆಗಿರಲಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮದಲ್ಲಿ ವಕೀಲರಲ್ಲದವರ ಜೊತೆ ಫೀಸು ಹಂಚಿಕೊಳ್ಳುವ ಹಾಗಿಲ್ಲ. ಸಂಬಳ ಕೊಡಬಹುದು, ಪರ್ಸೆಂಟ್ ಕೊಡುವಂತಿಲ್ಲ. ಅವರ ಸಂಬಳ ಆ ತಿಂಗಳಿನಿಂದಲೇ ಜಾಸ್ತಿ ಮಾಡಿದೆವು.

ಇದೆಲ್ಲ ಸಣ್ಣ ಕಿರಿಕಿರಿ. ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು ಫೈಲು.

ಒಬ್ಬರು ವಯಸ್ಸಾದ ಅಮ್ಮ, ಜಮ್ಮಾ ಬಾಣೆಯ (ಕೊಡಗಿನಲ್ಲಿ ತಲೆಮಾರುಗಳಿಂದ ಬಂದ ಕಾಡುಗುಡ್ಡದ ಜಮೀನು) ವಿಷಯ. ಮ್ಯುಟೇಶನ್ನಿನಲ್ಲಿ, ಅಂದರೆ ಖಾತೆ ಬದಲಾವಣೆಯಲ್ಲಿ, ಅವರ ಕವಲಿನ ಹೆಸರು ಬಿಟ್ಟುಹೋಗಿತ್ತು. ಇದರ ಮೇಲೆ ಕರ್ನಾಟಕ ಭೂಕಂದಾಯ ಕಾಯ್ದೆಯ 136ನೇ ಸೆಕ್ಷನ್ನಿನಲ್ಲಿ ಅಪೀಲು ಹಾಕಲು ಆದೇಶ ತಿಳಿದ ದಿನದಿಂದ 60 ದಿನ ಇರುತ್ತದೆ. ಅವರು ಬಂದದ್ದು ನಮ್ಮ ಇನ್ನೊಬ್ಬ ಪಾಲುದಾರರ ಹತ್ತಿರ. ಕಂದಾಯದ ಕೆಲಸ ಆಫೀಸಿನಲ್ಲಿ ನೋಡುವುದು ನಾನು, ಅದು ಎಲ್ಲರಿಗೂ ಗೊತ್ತು. ಮೊದಲಾಗಿದ್ದರೆ ಫೈಲು ಅದೇ ದಿನ ನನ್ನ ಟೇಬಲ್ಲಿಗೆ ಬರುತ್ತಿತ್ತು. ಈಗ ಫೈಲು ನನಗೆ ಕೊಟ್ಟರೆ "ಮಾಡಿದವರು" ಕಾಲಮಿನ 40 ಹೋಗುತ್ತದೆ. "ನಾನೇ ಪುರುಸೊತ್ತಿನಲ್ಲಿ ನೋಡ್ತೇನೆ" ಅಂತ ಇಟ್ಟುಕೊಂಡರು. ಪುರುಸೊತ್ತು ಆಗಲಿಲ್ಲ. ನಾನು ಒಂದು ಸ್ಟೇಪ್ಲರ್ ಹುಡುಕುತ್ತಾ ಅವರ ಡ್ರಾಯರ್ ತೆಗೆದಾಗ ಆ ಫೈಲು ಕಣ್ಣಿಗೆ ಬಿತ್ತು. ದಿನ ಎಣಿಸಿದೆ. ಐವತ್ತೊಂದು. ರಾತ್ರಿ ಕೂತು ಅಪೀಲು ಬರೆದು, ದಾಖಲೆ ಜೋಡಿಸಿ, ಐವತ್ತೆಂಟನೇ ದಿನ ಉಪವಿಭಾಗಾಧಿಕಾರಿಗಳ ಆಫೀಸಿನಲ್ಲಿ ಹಾಕಿದೆ. ಆ ಅಮ್ಮನಿಗೆ ಈ ಕಥೆ ಗೊತ್ತಿಲ್ಲ. ಅಪೀಲು ಹಾಕಿದ ದಿನ ಬುಟ್ಟಿಯಲ್ಲಿ ಕಿತ್ತಳೆ ತಂದುಕೊಟ್ಟರು. ಅದನ್ನು ತಿನ್ನಲು ನನಗೆ ಮನಸ್ಸಾಗಲಿಲ್ಲ.

ಆ ಪಾಲುದಾರರ ಮೇಲೆ ನನಗೆ ಕೋಪ ಬಂದದ್ದು ಒಂದು ದಿನ. ನನ್ನ ಮೇಲೆ ಬಂದ ಕೋಪ ತುಂಬಾ ದಿನ ಇತ್ತು. ಅವರು ಹದಿನೆಂಟು ವರ್ಷದಿಂದ ನನಗೆ ಗೊತ್ತು, ಒಂದು ಫೈಲನ್ನೂ ಹಾಗೆ ಇಟ್ಟುಕೊಂಡವರಲ್ಲ. ಇಟ್ಟುಕೊಂಡರೆ ದುಡ್ಡು ಅಂತ ಬರೆದುಕೊಟ್ಟವಳು ನಾನು.

ಆ ಫೈಲಿನ ದಾಖಲೆ ಓದುತ್ತಾ ಇನ್ನೊಂದು ವಿಷಯ ಹೊಳೆಯಿತು. ಜಮ್ಮಾ ಜಮೀನಿನ ಕೇಸು ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ದಾಖಲೆಯಲ್ಲಿ ಪಟ್ಟೆದಾರನ ಹೆಸರು ಇರುತ್ತದೆ. ಜಮೀನು ಮಾತ್ರ ಒಕ್ಕದ್ದು, ಅಂದರೆ ಒಂದೇ ಐನ್‌ಮನೆಯ (ಮೂಲ ಮನೆಯ) ಎಲ್ಲರದ್ದು. ಪಟ್ಟೆದಾರ ಅಂದರೆ ಎಲ್ಲರ ಪರವಾಗಿ ಕಂದಾಯ ಕಟ್ಟುವ ಹಿರಿಯ. ಎರಡು ತಲೆಮಾರು ಕಳೆದ ಮೇಲೆ ಯಾರೋ ಒಬ್ಬರು ಆ ಹೆಸರು ಹಿಡಿದು "ಇದು ನಮ್ಮಜ್ಜನ ಹೆಸರಲ್ಲಿದೆ, ನಮ್ಮದು" ಅನ್ನುತ್ತಾರೆ. ಅಲ್ಲಿಂದ ಕೋರ್ಟು. ನಾನು ದಿನಾ ಇದರ ವಿರುದ್ಧ ವಾದ ಮಾಡುವವಳು. ನಮ್ಮ ಆಫೀಸಿನ ಫೈಲಿನ ಮೇಲೆ ಒಂದು ಹೆಸರು ಬರೆಸಿ, ಹೆಸರು ಇದ್ದವರದ್ದೇ ಫೈಲು ಅಂತ ಮಾಡಿಬಿಟ್ಟಿದ್ದೆ.

2022ರ ಕೊನೆಯಿಂದ ಆರು ಶನಿವಾರ ಕೂತೆವು. ಅಷ್ಟರಲ್ಲಿ ಐದನೆಯವನಾಗಿ ಒಬ್ಬ ಹುಡುಗ ಪಾಲುದಾರನಾಗಿದ್ದ. ಜಗಳ, ಕಾಫಿ, ಮತ್ತೆ ಜಗಳ. 2023ರ ಏಪ್ರಿಲ್‌ನಿಂದ ಈಗಿನ ಪದ್ಧತಿ ನಡೆಯುತ್ತಿದೆ.

ಮೊದಲು ಖರ್ಚು. ಬಾಡಿಗೆ, ಗುಮಾಸ್ತರ ಸಂಬಳ, ಜೂನಿಯರ್‌ಗಳ ಸ್ಟೈಪೆಂಡ್. ಸ್ಟೈಪೆಂಡ್ ಬಗ್ಗೆ ನನಗೆ ಹಟ. ನಾನು ಜೂನಿಯರ್ ಆಗಿದ್ದಾಗ ಬಸ್ಸಿನ ಪಾಸಿಗೆ ಮನೆಯಿಂದ ದುಡ್ಡು ತರುತ್ತಿದ್ದೆ. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಪಟ್ಟಣದಲ್ಲಿ 20,000, ಗ್ರಾಮೀಣ ಕಡೆ 15,000 ರೂಪಾಯಿಯಾದರೂ ಕೊಡಿ ಅಂತ ಸುತ್ತೋಲೆ ಕಳಿಸಿತು. ಅದು ಸಲಹೆ, ಕಡ್ಡಾಯ ಅಲ್ಲ. ಮಡಿಕೇರಿ ಪಟ್ಟಣವಾ ಗ್ರಾಮೀಣವಾ ಅಂತ ನಮ್ಮಲ್ಲಿ ಅರ್ಧ ಗಂಟೆ ವಾದ ನಡೆಯಿತು, ವಕೀಲರಲ್ವಾ. ಕೊನೆಗೆ 18,000 ಅಂತ ಮಾಡಿದೆವು.

ಆಮೇಲೆ ಮಳೆಗಾಲದ ಗಂಟು. ಇದು ಯಾವ ವಿದೇಶಿ ಫರ್ಮಿನ ಪುಸ್ತಕದಲ್ಲೂ ನನಗೆ ಸಿಗಲಿಲ್ಲ. ನಮ್ಮ ಕಕ್ಷಿದಾರರಲ್ಲಿ ಮುಕ್ಕಾಲು ಪಾಲು ಬೆಳೆಗಾರರು. "ಕಾಫಿ ಕೊಟ್ಟ ಮೇಲೆ ಕೊಡ್ತೇನೆ ಮೇಡಂ" ಅನ್ನುವುದು ಇಲ್ಲಿ ಸುಳ್ಳು ಅಲ್ಲ, ಕ್ಯಾಲೆಂಡರು. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಜನವರಿ ಮೇಲೆ, ಅದರ ಬೆನ್ನಿಗೆ ಕರಿಮೆಣಸು. ಫೀಸು ಬರುವುದು ಫೆಬ್ರವರಿಯಿಂದ ಮೇ ವರೆಗೆ. ಜೂನ್ ಆದರೆ ನಲ್ಲಿ ಬಂದ್. ಕವರಿನ ಕಾಲದಲ್ಲಿ ಸೀನಿಯರ್ ತಮ್ಮ ಕೈಯಿಂದ ಹಾಕಿ ಮಳೆಗಾಲ ದಾಟಿಸುತ್ತಿದ್ದರು ಅಂತ ನಮಗೆ ಆಮೇಲೆ ತಿಳಿಯಿತು. ಈಗ ಮೇ 31ಕ್ಕೆ ನಾಲ್ಕು ತಿಂಗಳ ಖರ್ಚು ಮತ್ತು ನಾಲ್ಕು ತಿಂಗಳ ಡ್ರಾಯಿಂಗ್ (ಪಾಲುದಾರರು ತಿಂಗಳು ತಿಂಗಳು ತೆಗೆದುಕೊಳ್ಳುವ ಹಣ) ಬೇರೆ ಖಾತೆಯಲ್ಲಿ ಇರಬೇಕು. ಇಲ್ಲದಿದ್ದರೆ ಆ ವರ್ಷ ಯಾರಿಗೂ ಹಂಚಿಕೆ ಇಲ್ಲ. ಈ ಒಂದು ಸಾಲಿನಿಂದ ಉಳಿದ ಎಲ್ಲ ಸಾಲುಗಳಿಗಿಂತ ಜಾಸ್ತಿ ನೆಮ್ಮದಿ ಸಿಕ್ಕಿದೆ.

ಕೆಲಸ ಮಾಡುವ ನಾಲ್ಕು ಪಾಲುದಾರರಿಗೂ ತಿಂಗಳಿಗೆ ಸಮನಾಗಿ 45,000 ರೂಪಾಯಿ. ಜೂನಿಯರ್ ಪಾಲುದಾರನಿಗೂ ಅಷ್ಟೇ, ನನಗೂ ಅಷ್ಟೇ. ಅಕ್ಕಿ ಬೇಳೆಗೆ ಸೀನಿಯಾರಿಟಿ ಇಲ್ಲ.

ವರ್ಷದ ಕೊನೆಗೆ ಉಳಿದದ್ದನ್ನು ನೂರು ಅಂದುಕೊಂಡರೆ, 60 ಮೆಟ್ಟಿಲಿನ ಲೆಕ್ಕಕ್ಕೆ, 30 ಮಾಡಿದ ಕೆಲಸಕ್ಕೆ, 10 ಆಫೀಸಿನ ಕೆಲಸಕ್ಕೆ. ಮೆಟ್ಟಿಲು ಅಂದರೆ ಹೊಸಬರಿಗೆ 6, ವರ್ಷಕ್ಕೊಂದು ಸೇರಿ 12ಕ್ಕೆ ನಿಲ್ಲುತ್ತದೆ. ಈಗ ನಾವು ಮೂವರು 12ರಲ್ಲಿ ಇದ್ದೇವೆ, ಹುಡುಗ 8ರಲ್ಲಿ. ಒಟ್ಟು 44. ಹಂಚಲು 10 ಲಕ್ಷ ಇದ್ದರೆ ಮೆಟ್ಟಿಲಿಗೆ 6 ಲಕ್ಷ, ಅಂದರೆ ಒಂದು ಮೆಟ್ಟಿಲಿಗೆ ಸುಮಾರು 13,600. ನನಗೆ ಒಂದು ಲಕ್ಷದ ಅರವತ್ತಮೂರು ಸಾವಿರ ಚಿಲ್ಲರೆ, ಅವನಿಗೆ ಒಂದು ಲಕ್ಷದ ಒಂಬತ್ತು ಸಾವಿರ. ಗುಮಾಸ್ತರೂ ಬೆರಳಿನಲ್ಲಿ ಲೆಕ್ಕ ಹಾಕಬಹುದು, ಹಾಕುತ್ತಾರೆ ಕೂಡ. ಅಷ್ಟು ಸುಲಭ ಇರಬೇಕು ಅನ್ನುವುದು ನನ್ನ ಹಟ. ನಾಲ್ಕು ಜನರ ಆಫೀಸಿಗೆ ಹನ್ನೆರಡು ಅಂಶಗಳ ಎಕ್ಸೆಲ್ ಶೀಟು ಮಾಡಿದವರನ್ನು ನೋಡಿದ್ದೇನೆ. ಅದರಲ್ಲಿ ಮೊದಲು ಕಳೆದುಹೋಗುವುದು ನಂಬಿಕೆ, ಆಮೇಲೆ ಪಾಸ್‌ವರ್ಡು.

ಆಫೀಸಿನ ಕೆಲಸದ 10 ಇದೆಯಲ್ಲ, ಅದು ನಾಯಿಯ ಪಾಲು. ಉಚಿತವಾಗಿ ನಡೆಸಿದ ಕೇಸು, ಜೂನಿಯರ್‌ಗೆ ಪಾಟೀಸವಾಲು ಕಲಿಸಿದ್ದು, ಮಾಳಿಗೆ ಸೋರಿದಾಗ ಮಾಲೀಕರ ಹಿಂದೆ ಬಿದ್ದದ್ದು. ಪ್ರತಿ ವರ್ಷ ಇಬ್ಬರು ಸೇರಿ ಇದನ್ನು ಹಂಚುತ್ತಾರೆ. ಮರುವರ್ಷ ಇನ್ನಿಬ್ಬರು. ಹಂಚುವವರ ಪಾಲನ್ನು ಉಳಿದಿಬ್ಬರು ಹೇಳುತ್ತಾರೆ. 2018ರಂತಹದ್ದು ಮತ್ತೆ ಬಂದರೆ ಈ 10 ಸಾಲದು. ಅದಕ್ಕೇ ಡೀಡಿನಲ್ಲಿ ಒಂದು ಸಾಲು ಸೇರಿಸಿದೆವು: ಎಲ್ಲರೂ ಒಪ್ಪಿ ಒಬ್ಬರನ್ನು ಉಚಿತ ಕೆಲಸಕ್ಕೆ ಬಿಟ್ಟರೆ, ಹಿಂದಿನ ಮೂರು ವರ್ಷದ ಅವರ ಕೆಲಸದ ಸರಾಸರಿ ಆ ವರ್ಷಕ್ಕೂ ನಡೆಯುತ್ತದೆ.

"ತಂದವರು" ಕಾಲಮನ್ನು ನಾನು ಪೂರ್ತಿ ತೆಗೆಯಬೇಕು ಅಂದೆ. ಕ್ರಿಮಿನಲ್ ನೋಡುವವರು ಒಪ್ಪಲಿಲ್ಲ. "ಮದುವೆ, ಸಾವು, ಗೃಹಪ್ರವೇಶ ಅಂತ ತಿಂಗಳಲ್ಲಿ ಇಪ್ಪತ್ತು ದಿನ ನಾನು ತಿರುಗ್ತೇನೆ ತಂಗಿ. ಆ ಪೆಟ್ರೋಲು ನಿಂಗೆ ಕಾಣಲ್ಲ" ಅಂದರು. ನ್ಯಾಯವಾದ ಮಾತು. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ. ನಮ್ಮ ಬೋರ್ಡು, ನಮ್ಮ ಹೆಸರು, ಇನ್ನೊಬ್ಬರ ಬಾಯಿಮಾತು, ಇಷ್ಟರಲ್ಲೇ ಕೇಸು ಬರಬೇಕು. ಆಗ ಅಜ್ಜನ ತೊಡೆಯ ಲೆಕ್ಕ ಹೇಳಿದೆ. ಎಲ್ಲರೂ ನಕ್ಕರು, ಆಮೇಲೆ ಅದನ್ನೇ ಬರೆದುಕೊಂಡೆವು. ಹೊಸ ಕಕ್ಷಿದಾರರು ಬಂದರೆ ಮೊದಲ ವರ್ಷದ ಫೀಸಿನಲ್ಲಿ ಶೇ 10 ತಂದವರಿಗೆ, ಒಂದೇ ಸಲ. 50,000 ಫೀಸಿಗೆ 5,000. ಎರಡನೇ ವರ್ಷದಿಂದ ಅವರು ಆಫೀಸಿನ ಕಕ್ಷಿದಾರರು. ಹೆಸರಿನ ಬಗ್ಗೆ ತಕರಾರು ಬಂದರೆ ಆ ಹಣ ಜೂನಿಯರ್‌ಗಳ ಪುಸ್ತಕದ ಖಾತೆಗೆ ಹೋಗುತ್ತದೆ. ಈ ಕೊನೆಯ ಸಾಲು ಸೀನಿಯರ್ ಹೇಳಿಕೊಟ್ಟದ್ದು. ಎರಡು ವರ್ಷದಲ್ಲಿ ಒಂದೇ ಒಂದು ತಕರಾರು ಬಂದಿದೆ.

ಗೆದ್ದ ಕೇಸಿಗೆ ಜಾಸ್ತಿ, ಸೋತದ್ದಕ್ಕೆ ಕಡಿಮೆ ಅಂತ ಮಾಡೋಣ ಅಂತ ಹುಡುಗ ಒಮ್ಮೆ ಹೇಳಿದ. ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವುದೇ ನಮ್ಮ ನಿಯಮದಲ್ಲಿ ತಪ್ಪು. ಕಕ್ಷಿದಾರರ ಹತ್ತಿರ ಮಾಡಬಾರದ್ದನ್ನು ಒಳಗೆ ಮಾಡಿಕೊಂಡರೆ ಸೋಲುವ ಕೇಸು ಯಾರು ಮುಟ್ಟುತ್ತಾರೆ? ಅದು ಅಲ್ಲಿಗೇ ಬಿತ್ತು. ಹಾಗೆಯೇ ಯಾರಿಗೂ "ಇಷ್ಟು ಖಾತರಿ" ಅಂತ ಬರೆದುಕೊಡುವುದಿಲ್ಲ ಅಂತಲೂ ಮಾಡಿದೆವು. ನ್ಯೂಯಾರ್ಕಿನ ಡ್ಯೂಯಿ ಅಂಡ್ ಲೆಬೋಫ್ ಅನ್ನುವ ವಕೀಲರ ಫರ್ಮ್ ತುಂಬಾ ಪಾಲುದಾರರಿಗೆ ಕೋಟಿಗಟ್ಟಲೆ ಖಾತರಿ ಬರೆದುಕೊಟ್ಟಿತ್ತು. ಲಾಭ ಅಷ್ಟು ಬರಲಿಲ್ಲ, ಸಾಲವೂ ಇತ್ತು. 2012ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು. ಕಾಫಿ ಬೆಲೆ ನಂಬಿ ಸಾಲ ಮಾಡಿ ಮಗಳ ಮದುವೆ ಮಾಡಿದವರ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೀನಿಯರ್ ಪಾಲು ಹೇಗೆ ಅನ್ನುವುದು ಕಷ್ಟದ ಮಾತಾಗಿತ್ತು. ಯಾರೂ ಬಾಯಿ ಬಿಡಲಿಲ್ಲ. ಅವರೇ ಒಂದು ಚೀಟಿ ಬರೆದು ಟೇಬಲ್ಲಿನ ಮೇಲೆ ಇಟ್ಟರು: 10, 8, 6, 4, 2. ಐದು ವರ್ಷ, ಲಾಭದಲ್ಲಿ ಶೇಕಡಾವಾರು, ಆಮೇಲೆ ಏನೂ ಬೇಡ. ಬೆಂಗಳೂರಿನಲ್ಲಿರುವ ಅವರ ಮಗ ಇಂಜಿನಿಯರ್. ಅಪ್ಪನ ನಂತರ ಪಾಲು ಮುಂದುವರಿಯುತ್ತದಾ ಅಂತ ಒಮ್ಮೆ ಕೇಳಿದ್ದರು. ಬಂಡವಾಳ ಖಾತೆಯಲ್ಲಿ ಇದ್ದದ್ದು ಮನೆಯವರಿಗೆ ಸೇರಬೇಕು. ಮುಂದೆ ಬರುವ ಫೀಸಿನಲ್ಲಿ ವಕೀಲರಲ್ಲದವರಿಗೆ ಪಾಲು ಇಲ್ಲ. ಅದನ್ನು ಮಗನಿಗೆ ಹೇಳಿದ್ದೂ ಸೀನಿಯರೇ.

ಇನ್ನು ತೆರಿಗೆ. ಗೆಳತಿ, ಇದನ್ನು ಮಾತ್ರ ಗಮನವಿಟ್ಟು ಓದು.

ಪಾಲುದಾರರಿಗೆ ಕೊಡುವ ಸಂಬಳ ಫರ್ಮಿನ ಖರ್ಚು ಅಂತ ಆಗಬೇಕಾದರೆ ಅವರು ಕೆಲಸ ಮಾಡುವ ಪಾಲುದಾರರಾಗಿರಬೇಕು, ಮತ್ತು ಮೊತ್ತವೋ ಅದನ್ನು ಲೆಕ್ಕ ಹಾಕುವ ರೀತಿಯೋ ಡೀಡಿನಲ್ಲಿ ಇರಬೇಕು. "ಪಾಲುದಾರರು ಆಗಾಗ ಒಪ್ಪಿದಷ್ಟು" ಅಂತ ಬರೆದರೆ ನಡೆಯುವುದಿಲ್ಲ. 1996ರಲ್ಲೇ ನೇರ ತೆರಿಗೆ ಮಂಡಳಿ 739ನೇ ಸುತ್ತೋಲೆಯಲ್ಲಿ ಇದನ್ನು ಹೇಳಿದೆ. ಮಿತಿ 1961ರ ಆದಾಯ ತೆರಿಗೆ ಕಾಯ್ದೆಯ 40(ಬಿ) ಸೆಕ್ಷನ್ನಿನದ್ದು. ಈಗ ಮೊದಲ 6 ಲಕ್ಷ ಪುಸ್ತಕ ಲಾಭಕ್ಕೆ (ಪಾಲುದಾರರ ಸಂಬಳ ಕಳೆಯುವ ಮುಂಚಿನ ಲಾಭ) ಶೇ 90 ಅಥವಾ 3 ಲಕ್ಷ, ಯಾವುದು ಜಾಸ್ತಿಯೋ ಅದು. ಅದರ ಮೇಲಿನದಕ್ಕೆ ಶೇ 60. ಪುಸ್ತಕ ಲಾಭ 40 ಲಕ್ಷ ಅಂದುಕೋ (ನಮ್ಮದೆಷ್ಟು ಅಂತ ಹೇಳುವುದಿಲ್ಲ). 5.4 ಲಕ್ಷ ಮತ್ತು 20.4 ಲಕ್ಷ, ಒಟ್ಟು 25.8 ಲಕ್ಷದವರೆಗೆ ಸಂಬಳ ಅಂತ ಕೊಡಬಹುದು. ಅದಕ್ಕೆ ನಾವು ನಮ್ಮ ನಮ್ಮ ಲೆಕ್ಕದಲ್ಲಿ ತೆರಿಗೆ ಕಟ್ಟುತ್ತೇವೆ. ಅಷ್ಟೂ ಕೊಟ್ಟರೆ ಉಳಿದ 14.2 ಲಕ್ಷಕ್ಕೆ ಫರ್ಮು ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್ ಕಟ್ಟುತ್ತದೆ, ಸುಮಾರು 4.43 ಲಕ್ಷ. ಆಮೇಲೆ ಹಂಚಿದ ಲಾಭಕ್ಕೆ ನಮ್ಮ ಕೈಯಲ್ಲಿ ತೆರಿಗೆ ಇಲ್ಲ. ಬಂಡವಾಳಕ್ಕೆ ಬಡ್ಡಿ ಕೊಡುವುದಾದರೆ ಶೇ 12ರ ವರೆಗೆ ಮಾತ್ರ ಖರ್ಚಿಗೆ ಬರುತ್ತದೆ, ಅದೂ ಡೀಡಿನಲ್ಲಿ ಇದ್ದರೆ.

2025ರ ಏಪ್ರಿಲ್ 1ರಿಂದ ಹೊಸ ತಲೆನೋವು ಸೇರಿದೆ. ಪಾಲುದಾರರ ಸಂಬಳ, ಬೋನಸ್, ಕಮಿಷನ್, ಬಡ್ಡಿ ಸೇರಿ ವರ್ಷಕ್ಕೆ 20,000 ದಾಟಿದರೆ ಶೇ 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು. ಕೈಗೆ ಕೊಡದೆ ಬಂಡವಾಳ ಖಾತೆಗೆ ಜಮೆ ಮಾಡಿದರೂ ಹಿಡಿಯಬೇಕು. ಲಾಭದ ಪಾಲಿಗೆ ಇಲ್ಲ. ಹಾಗಾಗಿ ನಮ್ಮ 45,000ವನ್ನು ಏನು ಅಂತ ಕರೆಯುವುದು ಅನ್ನುವ ಪ್ರಶ್ನೆ ಬಂತು. ಅಲ್ಲಿಯವರೆಗೆ ಎಲ್ಲವನ್ನೂ "ಡ್ರಾಯಿಂಗ್" ಅಂತ ಬರೆದು ಮಾರ್ಚಿನಲ್ಲಿ ಆಡಿಟರ್ ತಲೆ ಕೆರೆದುಕೊಳ್ಳುತ್ತಿದ್ದರು. ಈಗ 30,000 ಸಂಬಳ, 15,000 ಲಾಭದ ಮುಂಗಡ ಅಂತ ಬೇರೆ ಮಾಡಿದ್ದೇವೆ. ತಿಂಗಳಿಗೆ ತಲಾ 3,000 ಟಿಡಿಎಸ್.

ಎಲ್ಲ ಸರಿಹೋಗಿದೆ ಅಂತ ಅಲ್ಲ. ಮಡಿಕೇರಿಯ ಮಾಳಿಗೆ ರಿಪೇರಿಗೆ ತಮ್ಮ ಶಾಖೆಯ ದುಡ್ಡು ಯಾಕೆ ಅಂತ ವಿರಾಜಪೇಟೆಯವರಿಗೆ ಬೇಸರ ಇದೆ. ಹುಡುಗ ಬೆಂಗಳೂರಿನ ಎರಡು ಕಂಪನಿಗಳಿಗೆ ರೆಸಾರ್ಟಿನ ಒಪ್ಪಂದ ನೋಡಿಕೊಡುತ್ತಾನೆ. ಅವನು ಲ್ಯಾಪ್‌ಟಾಪಿನಲ್ಲಿ ಒಂದು ವಾರದಲ್ಲಿ ತರುವ ಫೀಸು ನನ್ನ ಒಂದು ಪಾಲಿನ ದಾವೆ ನಾಲ್ಕು ವರ್ಷದಲ್ಲಿ ತರುವುದಿಲ್ಲ. 8ನೇ ಮೆಟ್ಟಿಲಿನಲ್ಲಿ ಅವನು ಎಷ್ಟು ದಿನ ಸುಮ್ನೆ ನಿಲ್ಲುತ್ತಾನೆ? ಕೆಲಸದ 30ನ್ನು 40 ಮಾಡಿ, ಮೆಟ್ಟಿಲನ್ನು 50ಕ್ಕೆ ಇಳಿಸಿ ಅಂತ ಮೆಲ್ಲಗೆ ಕೇಳಿದ್ದಾನೆ. ನನಗೆ ಮನಸ್ಸಿಲ್ಲ. ಆದರೆ ನಾನು 12ರಲ್ಲಿ ಕೂತು ಹೇಳುವ ಮಾತು ಅದು, ಅಲ್ವಾ? ಬರುವ ಶನಿವಾರ ಕೂರಬೇಕು.

ಅದಕ್ಕೂ ಮೊದಲು 7ನೇ ತಾರೀಖಿನೊಳಗೆ ಜುಲೈ ತಿಂಗಳ ಟಿಡಿಎಸ್ ಕಟ್ಟಬೇಕು. ಬ್ಯಾಂಕಿನ ಪಾಸ್‌ವರ್ಡು ಗುಮಾಸ್ತರ ಡೈರಿಯಲ್ಲಿದೆ. ಡೈರಿ ಗುಮಾಸ್ತರ ಚೀಲದಲ್ಲಿದೆ. ಗುಮಾಸ್ತರು ಗದ್ದೆ ನಾಟಿಗೆ ಅಂತ ಊರಿಗೆ ಹೋಗಿ ಮೂರು ದಿನವಾಯಿತು, ಅಲ್ಲಿ ನೆಟ್‌ವರ್ಕ್ ಇಲ್ಲ.